‘ಕದ್ದಿಲ್ಲ ಸ್ವಾಮಿ, ವಾಪಸ್ ಕೊಟ್ಟಿಲ್ಲ ಅಷ್ಟೇ!’

ಕಂಪ್ಯೂಟರ್ ಪರದೆಯ ಬಲಮೂಲೆಯಲ್ಲಿ, ಗಡಿಯಾರದ ಪಕ್ಕ ಠಿಕಾಣಿ ಹೂಡಿರುವ ಪುಟ್ಟ ಐಕಾನ್ ಇದು. ಹೆಸರು ‘ಪ್ರಿಂಟರ್ ಸಹಾಯಕ’. ಮೌಸ್ ಅಲ್ಲಾಡಿಸಿದರೆ ಬಾಣ ಅರೆಗಳಿಗೆ ತಡೆದು ಏಳುತ್ತಿದ್ದ ಒಂದು ಸಂಜೆ ಅದು ಮಾತಿಗೆ ಸಿಕ್ಕಿತು.

ಪ್ರಶ್ನೆ: ಇಲ್ಲಿ ಏನು ಮಾಡ್ತಿದ್ದೀರಿ?

ಉತ್ತರ: ಪ್ರಿಂಟರ್‌ನಲ್ಲಿ ಇಂಕ್ ಎಷ್ಟಿದೆ ಅಂತ ವಿಚಾರಿಸ್ತಿದ್ದೀನಿ.

ಪ್ರಶ್ನೆ: ಪ್ರಿಂಟರ್ ಗುಜರಿಗೆ ಹೋಗಿ ಎರಡು ವರ್ಷ ಆಯ್ತಲ್ರೀ!

ಉತ್ತರ: ನನಗ್ಯಾರೂ ಹೇಳಲಿಲ್ಲ. ಕಂಪ್ಯೂಟರ್ ಆನ್ ಆದೊಡನೆ ತಾವಾಗಿಯೇ ಶುರುವಾಗೋರ ಸ್ಟಾರ್ಟಪ್ ಪಟ್ಟಿಯಲ್ಲಿ ಹೆಸರಿದೆ, ದಿನಾ ಹಾಜರಿ ಹಾಕ್ತೀನಿ.

ಪ್ರಶ್ನೆ: ಬೆಳಿಗ್ಗೆ 40 ಎಂಬಿ ಇದ್ದವರು ಸಂಜೆಗೆ 900 ಆಗಿದ್ದೀರಿ.

ಉತ್ತರ: ಪ್ರತಿ ಸಲ ವಿಚಾರಿಸುವಾಗ ಚೂರು ಮೆಮೊರಿ ಕೇಳಿ ಪಡೀತೀನಿ. ಕೆಲಸ ಮುಗಿದ ಮೇಲೆ ಹಿಂದಿರುಗಿಸು ಅನ್ನೋ ಒಂದು ಸಾಲು ಬರೆಯೋದನ್ನ ನನ್ನ ಪ್ರೋಗ್ರಾಮರ್ ಮರೆತ. ಜನ ಇದನ್ನು ಮೆಮೊರಿ ಲೀಕ್ ಅಂತಾರೆ. ಕದ್ದಿಲ್ಲ ಸ್ವಾಮಿ, ವಾಪಸ್ ಕೊಟ್ಟಿಲ್ಲ ಅಷ್ಟೇ.

ಪ್ರಶ್ನೆ: ರ‍್ಯಾಮ್ 16 ಜಿಬಿ ಮಾಡಿಸಿದೆವು. ಆದರೂ ನಿಮ್ಮ ಬಟನ್‌ಗಳೇ ಕಾಣಲ್ಲ, ಮೆನು ತೆರೆದರೆ ಬರೀ ಖಾಲಿ ಚೌಕ!

ಉತ್ತರ: ರ‍್ಯಾಮ್ ಒಂದಿದ್ದರೆ ಸಾಲದು. ಫಾಂಟು, ಚಿತ್ರ, ಗೆರೆ ಮೂಡಿಸೋಕೆ ಜಿಡಿಐ ಆಬ್ಜೆಕ್ಟ್‌ಗಳು ಬೇಕು. ಒಂದು ಪ್ರೋಗ್ರಾಮಿಗೆ ಸಾಮಾನ್ಯವಾಗಿ 10,000 ಅಂತ ವಿಂಡೋಸ್ ಮಿತಿ ಹಾಕಿದೆ. ಅವನ್ನೂ ನಾನು ಹಿಂದಿರುಗಿಸಲ್ಲ. ಆ ಲೆಕ್ಕ ತುಂಬಿತೆಂದರೆ ರ‍್ಯಾಮ್ ಎಷ್ಟು ಖಾಲಿ ಬಿದ್ದಿದ್ದರೂ ಬಟನ್ ಮೂಡಲ್ಲ. ವಿಂಡೋಸ್ 3.1ರ ಕಾಲದಲ್ಲಿ ಇಂಥ ವಸ್ತುಗಳಿಗೆ ಎಲ್ಲ ಪ್ರೋಗ್ರಾಮ್‌ಗಳೂ 64 ಕೆಬಿ ಜಾಗವನ್ನೇ ಹಂಚಿಕೊಳ್ಳಬೇಕಿತ್ತು. ಒಬ್ಬ ಹೆಚ್ಚು ಉಂಡರೆ ಇಡೀ ಮನೆಗೆ ಉಪವಾಸ.

ಪ್ರಶ್ನೆ: ಸ್ವಲ್ಪ ಮಿತವ್ಯಯ ಕಲೀಬಾರದಾ?

ಉತ್ತರ: ದೊಡ್ಡವರನ್ನು ನೋಡಿ ಕಲಿತೆ. ವಿಂಡೋಸ್ 95 ಕೇಳಿದ್ದು ಕನಿಷ್ಠ 4 ಎಂಬಿ. 2021ರಲ್ಲಿ ಬಂದ ವಿಂಡೋಸ್ 11 ಕೇಳಿದ್ದು 4 ಜಿಬಿ. ಸಾವಿರ ಪಟ್ಟು! ಸೋರಿಕೆ ಮುಚ್ಚಿಸೋ ಖರ್ಚು ಕಂಪನಿಯದು, ರ‍್ಯಾಮ್ ಹಾಕಿಸೋ ಖರ್ಚು ನಿಮ್ಮದು. ಕಂಪನಿಗೆ ಯಾವುದು ಅಗ್ಗ, ನೀವೇ ಹೇಳಿ.

ಪ್ರಶ್ನೆ: ರೀಸ್ಟಾರ್ಟ್ ಮಾಡಿದರೆ ಎಲ್ಲ ಸರಿಹೋಗುತ್ತಲ್ಲ?

ಉತ್ತರ: ನಾನು ಸತ್ತ ಕೂಡಲೇ ಪಡೆದದ್ದನ್ನೆಲ್ಲ ವಿಂಡೋಸ್ ಜಮಾ ಮಾಡಿಕೊಳ್ಳುತ್ತೆ. ಹಾಗಾಗಿಯೇ ರಿಪೇರಿಯವರು ಮೊದಲು ಅದನ್ನೇ ಹೇಳೋದು. ಮತ್ತೆ ಆನ್ ಆದರೆ ನಾನೂ ಹೊಸದಾಗಿ ಶುರು.

ಪ್ರಶ್ನೆ: ಹಾಗಾದರೆ ಟಾಸ್ಕ್ ಮ್ಯಾನೇಜರ್ ತೆರೆದು ಸ್ಟಾರ್ಟಪ್ ಪಟ್ಟಿಯಲ್ಲೇ ನಿಮ್ಮನ್ನು ಡಿಸೇಬಲ್ ಮಾಡ್ತೀನಿ.

ಉತ್ತರ: ಧಾರಾಳವಾಗಿ ಮಾಡಿ. ನನ್ನನ್ನು ಅಪ್‌ಡೇಟ್ ಮಾಡೋಕೆ ಅಂತಲೇ ಒಬ್ಬ ತಮ್ಮ ಇದ್ದಾನೆ. ಅವನ ಹೆಸರು ಆ ಪಟ್ಟಿಯಲ್ಲಿ ಬೇರೆಯೇ ಇದೆ.