ಶ್ರೀಮಾನ್ ಇಪ್ಪತ್ತು ಚಿಲ್ಲರೆಯವರಿಗೆ ದೇಶನೂರಿನಿಂದ ಒಂದು ಬಹಿರಂಗ ಪತ್ರ

ಶ್ರೀಮಾನ್ ಲೀಟರಿಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಅವರಿಗೆ,

ಸಿರುಗುಪ್ಪ ತಾಲೂಕು ದೇಶನೂರಿನಿಂದ ನಮಸ್ಕಾರ. ನಾವಿಲ್ಲಿ ಕ್ಷೇಮ. ನಿಮ್ಮ ವಿಳಾಸ ಗೊತ್ತಿಲ್ಲದ್ದರಿಂದ ಈ ಪತ್ರವನ್ನು ಊರಿಗೆಲ್ಲ ಕೇಳುವಂತೆ ಬರೆಯಬೇಕಾಗಿ ಬಂದಿದೆ. ಶೋರೂಮಿನಲ್ಲಿ ನಿಮ್ಮನ್ನು ಕಣ್ಣಾರೆ ಕಂಡಿದ್ದೆ. ನುಣುಪು ಕಾಗದದ ಪುಸ್ತಿಕೆಯಲ್ಲಿ ದಪ್ಪಕ್ಷರದಲ್ಲಿ ಕೂತಿದ್ದಿರಿ. ತಲೆಯ ಪಕ್ಕದಲ್ಲಿ ಒಂದು ಸಣ್ಣ ನಕ್ಷತ್ರವಿತ್ತು. ದೇವರ ಪಟದ ಪ್ರಭಾವಳಿಯಂಥದ್ದೇನೋ ಅಂದುಕೊಂಡೆ. ಕಾರು ಮನೆಗೆ ಬಂತು, ನೀವು ಬರಲಿಲ್ಲ. ಹದಿನಾಲ್ಕು ತಿಂಗಳಾಯಿತು.

ಕಾರಿನ ಜಾತಿ ಕಾಂಪ್ಯಾಕ್ಟ್ ಎಸ್‌ಯುವಿ. ನೋಡಲು ಆಳೆತ್ತರ, ಅಳೆದರೆ ನಾಲ್ಕು ಮೀಟರಿನೊಳಗೆ. 2006ರ ಕೇಂದ್ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿನೊಳಗಿನ ಸಣ್ಣ ಕಾರುಗಳಿಗೆ ಅಬಕಾರಿ ಸುಂಕ ಇಳಿಸಿದಾಗಿನಿಂದ ಎಷ್ಟೋ ಕಾರುಗಳು ಹಿಂಬದಿ ಕತ್ತರಿಸಿಕೊಂಡು ಎದೆ ಮಾತ್ರ ಉಬ್ಬಿಸಿಕೊಂಡವು. ತೆರಿಗೆಯವನ ಮುಂದೆ ಸಣ್ಣವನು, ಬೀಗರ ಮನೆ ಮುಂದೆ ದೊಡ್ಡವನು. ತಪ್ಪೇನಿಲ್ಲ, ನಾವೂ ಹಾಗೇ ಬದುಕುವವರು. ಬಳ್ಳಾರಿಯ ದುರ್ಗಮ್ಮನ ಗುಡಿ ಮುಂದೆ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಪೂಜೆ ಮಾಡಿಸಿ, ಒಗ್ಗರಣೆ ಮಿರ್ಚಿ ತಿಂದು, ಎದೆ ಉಬ್ಬಿಸಿಕೊಂಡೇ ಊರಿಗೆ ಬಂದೆವು.

ಊರಿನಲ್ಲಿ ಕಾರಿನ ಬಣ್ಣ ಕೇಳುವವರಿಲ್ಲ, ಏರ್‌ಬ್ಯಾಗ್ ಎಣಿಸುವವರಿಲ್ಲ. ಅರಳೀಕಟ್ಟೆ ದಾಟುವ ಮೊದಲೇ ಬಂದ ಪ್ರಶ್ನೆ ಒಂದೇ: "ಎಷ್ಟು ಕೊಡ್ತೈತಿ?" ಎಮ್ಮೆ ತಂದಾಗ ಕೇಳುವುದೂ ಇದನ್ನೇ. ನಾನು ನಿಮ್ಮನ್ನು ನಂಬಿ "ಇಪ್ಪತ್ತರ ಮೇಲೆ" ಅಂದುಬಿಟ್ಟೆ. ನಮ್ಮ ಕಾಕ ಬಾನೆಟ್ ಮೇಲೆ ಕೈಯಾಡಿಸುತ್ತ, "ಯಾರು ಹಿಂಡಿ ನೋಡ್ಯಾರ?" ಅಂದ.

ಹಿಂಡಿದೆ ಸ್ವಾಮಿ. ವಿಧಾನ ಹಳೆಯದು, ಮೋಸವಿಲ್ಲದ್ದು. ಟ್ಯಾಂಕ್ ತುಂಬಿಸಿ ಪಂಪಿನ ಗನ್ ಮೊದಲ ಸಲ ಟಪ್ ಎಂದು ನಿಂತ ಕೂಡಲೇ ಸಾಕು ಅನ್ನಬೇಕು, ಟ್ರಿಪ್ ಮೀಟರು ಸೊನ್ನೆಗೆ ತರಬೇಕು, ಓಡಿಸಬೇಕು. ಮುಂದಿನ ಸಲ ಅದೇ ಪಂಪಿನಲ್ಲಿ ಹಾಗೇ ತುಂಬಿಸಿ, ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಬೇಕು. ಭತ್ತದ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದೇನೆ: 412 ಕಿಲೋಮೀಟರ್, 31.4 ಲೀಟರ್. ಭಾಗಿಸಿದರೆ 13.1. ಅದೇ ದಿನ ಡ್ಯಾಶ್‌ಬೋರ್ಡಿನ ಪರದೆ 15.8 ಎಂದು ನಗುತ್ತಿತ್ತು. ಅದು ನಿಮ್ಮ ತಮ್ಮನಿರಬೇಕು. ನಿಮ್ಮಷ್ಟು ಧೈರ್ಯವಿಲ್ಲ, ಆದರೆ ಮನೆತನದ ಗುಣ ಬಿಟ್ಟಿಲ್ಲ.

ಆಮೇಲೆ ನಿಮ್ಮ ಜಾತಕ ತೆಗೆಸಿದೆ. ಕಾರುಗಳ ಪರೀಕ್ಷೆಗೆ ಹೆಸರಾದ ಎಆರ್‌ಎಐ ಇರುವುದು ಪುಣೆಯಲ್ಲಿ. ಅಲ್ಲಿಯ ಪರೀಕ್ಷೆಯಲ್ಲಿ ಕಾರು ರಸ್ತೆಗೇ ಇಳಿಯುವುದಿಲ್ಲ. ಚಕ್ರಗಳನ್ನು ರೋಲರ್ ಮೇಲೆ ಇಟ್ಟು, ಇದ್ದಲ್ಲೇ ಓಡಿಸುತ್ತಾರೆ. ಆ ಓಟಕ್ಕೆ ಮಾಡಿಫೈಡ್ ಇಂಡಿಯನ್ ಡ್ರೈವಿಂಗ್ ಸೈಕಲ್ ಎಂದು ಹೆಸರು. ಒಟ್ಟು 1180 ಸೆಕೆಂಡ್, ಇಪ್ಪತ್ತು ನಿಮಿಷವೂ ಇಲ್ಲ. ಮೊದಲು ಪಟ್ಟಣದ ಓಟ ನಾಲ್ಕು ಸಲ, ಅದರಲ್ಲಿ ವೇಗ 50 ದಾಟುವುದಿಲ್ಲ. ಕೊನೆಗೆ ಹೊರ ಊರಿನ ಓಟ 400 ಸೆಕೆಂಡ್, ಅಲ್ಲಿ 90ರ ಮೇಲೆ ಹೋಗುವಂತಿಲ್ಲ. ಮೂಲ ಯುರೋಪಿನದು. ಅಲ್ಲಿ 120ರವರೆಗೆ ಇದ್ದ ವೇಗವನ್ನು ನಮ್ಮ ರಸ್ತೆ ನೆನೆದು 90ಕ್ಕೆ ಇಳಿಸಿದರು. ಯುರೋಪಿನವರು ಅದು ರಸ್ತೆಗೆ ಹೊಂದುತ್ತಿಲ್ಲ ಎಂದು 2017ರಿಂದ ಬೇರೆ ಪರೀಕ್ಷೆಗೆ ಹೊರಳಿದರು. ನೀವು ಮಾತ್ರ ಹಳೆಯ ಸಂಬಂಧ ಬಿಡಲಿಲ್ಲ.

ನನಗೆ ಹೊಟ್ಟೆಯುರಿ ತರಿಸಿದ್ದು ಇದಲ್ಲ. ಆ ಕೋಣೆಯ ಉಷ್ಣಾಂಶ 20ರಿಂದ 30 ಡಿಗ್ರಿಯೊಳಗೆ ಇರಬೇಕಂತೆ. ಕಾರಿನ ಎಸಿ ಬಂದ್ ಇರಬೇಕಂತೆ. ಕೋಣೆಗೆ ತಂಪು, ಕಾರಿಗೆ ಉಪವಾಸ! ನಮ್ಮದು ಇದರ ಉಲ್ಟಾ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಹೊರಗೆ 42 ಡಿಗ್ರಿ. ಮಧ್ಯಾಹ್ನ ಬಿಸಿಲಿಗೆ ನಿಂತ ಕಾರಿನ ಸ್ಟೇರಿಂಗ್ ಮುಟ್ಟಿದರೆ ರೊಟ್ಟಿ ಹಂಚು ಮುಟ್ಟಿದಂತೆ. ಹೆಗಲ ಮೇಲಿನ ಟವೆಲ್ ಸುತ್ತಿಕೊಂಡೇ ಹಿಡಿಯಬೇಕು. ಎಸಿ ಹಾಕಿ ಐದು ನಿಮಿಷ ನಿಲ್ಲದೆ ನಮ್ಮವ್ವ ಒಳಗೆ ಕಾಲಿಡುವುದಿಲ್ಲ. ನಿಂತಲ್ಲೇ ಉರಿಯುವ ಆ ಐದು ನಿಮಿಷದ ಪೆಟ್ರೋಲಿಗೆ ಕಿಲೋಮೀಟರು ಸೊನ್ನೆ. ಬಳ್ಳಾರಿಯ ಬೆಂಗಳೂರು ರೋಡಿನಲ್ಲಿ ಮದುವೆ ಸೀರೆ ಆರಿಸುವಾಗ ಹೊರಗೆ ಎಸಿ ಹಾಕಿಕೊಂಡು ಕಾಯ್ದ ಒಂದೂವರೆ ಗಂಟೆಯನ್ನು ನಾನು ಪುಸ್ತಕದಲ್ಲಿ ಬರೆದಿಲ್ಲ. ಅದನ್ನು ಬರೆದರೆ ಮನೆಯಲ್ಲಿ ಬೇರೆ ಲೆಕ್ಕ ಶುರುವಾಗುತ್ತದೆ.

ನಮ್ಮ ದಾರಿಯನ್ನು ನೀವು ಒಮ್ಮೆಯಾದರೂ ನೋಡಬೇಕು. ಊರಲ್ಲೇ ಸಕ್ಕರೆ ಕಾರ್ಖಾನೆ ಇದೆ. ಕಬ್ಬು ನುರಿಸುವ ಕಾಲಕ್ಕೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಬಸುರಿ ಎಮ್ಮೆಯಂತೆ ತೂಗಾಡುತ್ತ ಹೋಗುತ್ತವೆ. ಬದಿಗೆ ಬಾ ಅನ್ನುವಂತಿಲ್ಲ, ಹಾಡು ಜೋರಾಗಿರುತ್ತದೆ. ಹಿಂದೆ ಎರಡನೇ ಗೇರಿನಲ್ಲಿ ತೆವಳುತ್ತ ಸಿರುಗುಪ್ಪ ಮುಟ್ಟಬೇಕು. ಭತ್ತದ ಸುಗ್ಗಿಯಲ್ಲಿ ಅರ್ಧ ರಸ್ತೆ ಕಣವಾಗಿರುತ್ತದೆ. ಮಳೆಗಾಲದಲ್ಲಿ ಹೊಲಕ್ಕೆ ಹೋದರೆ ಎರೆ ಮಣ್ಣು ಟೈರಿಗೆ ಹತ್ತಿ, ಒಂದೊಂದು ಚಕ್ರ ಒಂದೊಂದು ಬೀಸುಕಲ್ಲಾಗುತ್ತದೆ. ಇನ್ನು ಬಳ್ಳಾರಿಗೆ ಅರವತ್ತರ ಆಸುಪಾಸು ಕಿಲೋಮೀಟರ್. ತೆಕ್ಕಲಕೋಟೆ ದಾಟಿ ರಸ್ತೆ ಬಿಚ್ಚಿಕೊಂಡರೆ ಕಾಲು ಕೇಳುವುದಿಲ್ಲ, 100 ಮುಟ್ಟಿಸುತ್ತದೆ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 80ರಲ್ಲಿ ಎಷ್ಟಿತ್ತೋ 100ರಲ್ಲಿ ಅದರ ಒಂದೂವರೆ ಪಟ್ಟಿಗೂ ಹೆಚ್ಚು. ಎದೆ ಉಬ್ಬಿಸಿದ ಕಾರು ಅಂದೆನಲ್ಲ, ಆ ಎದೆಯ ಬಾಡಿಗೆ ಇಲ್ಲಿ ಕಟ್ಟಬೇಕು.

ಪೆಟ್ರೋಲಿನ ಕಥೆ ಬೇರೆಯೇ ಇದೆ. ಈಗ ಪಂಪಿನಲ್ಲಿ ಬರುವುದು ಇ20, ನೂರರಲ್ಲಿ ಇಪ್ಪತ್ತು ಪಾಲು ಎಥೆನಾಲ್. ಅದನ್ನು ಕಾಸುವುದು ಕಬ್ಬಿನಿಂದ, ಮೆಕ್ಕೆಜೋಳದಿಂದ, ಅಕ್ಕಿಯಿಂದ. ಲೀಟರಿಗೆ ಲೀಟರು ತೂಗಿದರೆ ಎಥೆನಾಲಿನ ಕಸುವು ಪೆಟ್ರೋಲಿನ ಮೂರನೇ ಎರಡು ಪಾಲು ಮಾತ್ರ. ನೀತಿ ಆಯೋಗದ 2021ರ ವರದಿಯೇ ಹೇಳಿದೆ: ಇ20ಗೆಂದೇ ಹೊಂದಿಸಿದ ಕಾರಿನಲ್ಲಿ ಮೈಲೇಜ್ ನೂರಕ್ಕೆ ಒಂದೆರಡು ಪಾಲು ಇಳಿಯುತ್ತದೆ, ಹಳೆಯ ಕಾರುಗಳಲ್ಲಿ ಆರೇಳು ಪಾಲು. ಕಬ್ಬು, ಭತ್ತ ಬೆಳೆದವರು ನಾವೇ. ನಮ್ಮ ಹೊಲದ್ದೇ ಟ್ಯಾಂಕಿಗೆ ಬಂದು ನಮ್ಮ ಕಿಲೋಮೀಟರನ್ನು ತಿನ್ನುತ್ತಿದ್ದರೆ ಯಾರನ್ನು ಬೈಯುವುದು? ಕಬ್ಬಿಗೆ ಬೆಲೆ ಬೇಕು ಅನ್ನುವ ಬಾಯಿಯಲ್ಲೇ ಮೈಲೇಜೂ ಬೇಕು ಅನ್ನಬೇಕಾಗಿದೆ. ಈ ಒಂದು ವಿಷಯದಲ್ಲಿ ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ.

ನನ್ನ ಪಾಪವನ್ನೂ ಒಪ್ಪಿಕೊಳ್ಳುತ್ತೇನೆ. ಐದು ಜನರ ಕಾರಿನಲ್ಲಿ ಕುರುಗೋಡಿಗೆ ಎಂಟು ಜನ ಹೋಗಿದ್ದೇವೆ, ಮಡಿಲ ಮೇಲಿನ ಮಕ್ಕಳನ್ನು ಬಿಟ್ಟು. ಬೆಂಗಳೂರಿನ ಬೀಗರಿಗೆಂದು ಸೋನಾ ಮಸೂರಿಯ 25 ಕಿಲೋ ಚೀಲ ಆರು ಹೇರಿದ್ದೇನೆ. ಟೈರಿನ ಗಾಳಿ ನೋಡಿಸಿದ್ದು ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ. ಕುರುಗೋಡಿನ ದೊಡ್ಡಬಸವೇಶ್ವರ ಒಂದೇ ಕಲ್ಲಿನ ದೊಡ್ಡ ನಂದಿ, ನಿಂತಲ್ಲಿಂದ ಕದಲುವುದಿಲ್ಲ. ಅವನ ಮುಂದೆ ಕೈಮುಗಿದು, "ತಂದೆ, ಹದಿನೈದಾದರೂ ಕೊಡಿಸು" ಎಂದು ಬೇಡಿದ್ದೇನೆ. ಎಂಟು ಜನರನ್ನು ಇಳಿಸಿ ಬೇಡಬೇಕಿತ್ತೇನೋ.

ಅಷ್ಟೂ ಪಾಪ ಕಳೆದು ನೋಡೋಣ ಎಂದು, ಒಬ್ಬನೇ ಕೂತು, ಗಾಳಿ ಸರಿಯಿಟ್ಟು, ಎಸಿ ಬಂದ್ ಮಾಡಿ, 60 ದಾಟದೆ ಬಳ್ಳಾರಿಗೆ ಹೋಗಿ ಬಂದೆ. ಅಂಗಿ ಹಿಂಡಿದರೆ ಅರ್ಧ ಲೀಟರ್ ನೀರು. ಹಿಂದೆ ಬಂದ ಬಸ್ಸಿನವನ ಬೈಗುಳ ಬೇರೆ. ಸಿಕ್ಕಿದ್ದು 17.6. ಅಂಥ ತಪಸ್ಸಿಗೂ ನೀವು ಒಲಿಯಲಿಲ್ಲ.

ಲೆಕ್ಕ ಇಷ್ಟೇ. ವರ್ಷಕ್ಕೆ 12,000 ಕಿಲೋಮೀಟರ್ ಓಡಿದರೆ ನಿಮ್ಮ ಪ್ರಕಾರ 600 ಲೀಟರ್ ಸಾಕು. ನನಗೆ 900 ದಾಟುತ್ತದೆ. ಲೀಟರಿಗೆ ನೂರು ರೂಪಾಯಿ ಎಂದೇ ಹಿಡಿದರೂ ಮೂವತ್ತು ಸಾವಿರದ ಮೇಲೆ ವ್ಯತ್ಯಾಸ. ನಾನು ಶೋರೂಮಿಗೆ ಹೋಗಿ ಕೇಳಿದಾಗ ಅಲ್ಲಿಯ ಹುಡುಗ ಪುಸ್ತಿಕೆ ತೆಗೆದು ಆ ನಕ್ಷತ್ರದ ಮೇಲೆ ಬೆರಳಿಟ್ಟ. ಕೊನೆಯ ಪುಟದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿತ್ತು: ಪರೀಕ್ಷೆಯ ಸ್ಥಿತಿಯಲ್ಲಿ ಮಾತ್ರ. ಪ್ರಭಾವಳಿಯಲ್ಲ, ದಿಷ್ಟಿಬೊಟ್ಟು.

ನೀವು ಸುಳ್ಳರಲ್ಲ ಎಂಬುದು ಗೊತ್ತು. ಎಲ್ಲ ಕಾರುಗಳನ್ನೂ ಒಂದೇ ತಕ್ಕಡಿಯಲ್ಲಿಟ್ಟು ಇದಕ್ಕಿಂತ ಅದು ಮೇಲು ಎಂದು ಹೇಳಲು ಹುಟ್ಟಿದವರು ನೀವು. ಆ ಕೆಲಸಕ್ಕೆ ತಕ್ಕವರೇ. ನಿಮ್ಮನ್ನು ಮಾತು ಕೊಟ್ಟವರಂತೆ ಪುಸ್ತಿಕೆಯಲ್ಲಿ ಕೂರಿಸಿದ್ದು ಮಾರುವವರು, ನಂಬಿದ್ದು ನಾನು. ಕಾಕನಿಗೆ ಇದನ್ನೆಲ್ಲ ವಿವರಿಸಿದೆ. ಅವನು ಎಲೆಅಡಿಕೆ ಉಗುಳಿ ಬಂದು ಹೇಳಿದ: "ಸಂತಿಗೆ ತಂದ ಎಮ್ಮಿ ಕೆಚ್ಚಲ ನೋಡಿ ರೇಟು ಕಟ್ಟಬಾರದಪ. ಮುಂಜಾನಿ ಹಿಂಡಿರಂಗಿಲ್ಲ ಅವರು."

ಆದ್ದರಿಂದ ನನ್ನದೊಂದು ಬಿನ್ನಹ. ಬರುವ ಮೇ ತಿಂಗಳಲ್ಲಿ ಒಂದು ವಾರ ನಮ್ಮೂರಿಗೆ ಬನ್ನಿ. ಮುಂದಿನ ಸೀಟು ನಿಮಗೇ, ಅವ್ವನನ್ನು ಹಿಂದೆ ಕೂರಿಸುತ್ತೇನೆ. ಊಟ ವಸತಿ ನಮ್ಮದು, ಪೆಟ್ರೋಲ್ ನಿಮ್ಮದು.

ಇಂತಿ ನಿಮ್ಮ ದಾರಿ ಕಾಯುತ್ತಿರುವ,
ಹದಿಮೂರು ಪಾಯಿಂಟ್ ಒಂದರ ಮಾಲೀಕ
ದೇಶನೂರು

ತಾ.ಕ.: ಕಾಕ ಮೊನ್ನೆ ಕಾರು ಬುಕ್ ಮಾಡಿದ. ಪುಸ್ತಿಕೆ ಕೇಳಲಿಲ್ಲ, ನನ್ನ ಭತ್ತದ ಲೆಕ್ಕದ ಪುಸ್ತಕ ಒಯ್ದಿದ್ದಾನೆ. ಇನ್ನೂ ವಾಪಸ್ ಕೊಟ್ಟಿಲ್ಲ.