ಶನಿವಾರಕ್ಕೆ ಹದಿನೈದು ಜೆರ್ಸಿ

ನಮ್ಮ ಕಡೆ ಪಂದ್ಯಾಟದ ತಾರೀಕು ಯಾವತ್ತೂ ಗುಟ್ಟಲ್ಲ. ಬಿ.ಸಿ. ರೋಡಿನಿಂದ ಉಜಿರೆವರೆಗೆ ‘ಹೊನಲು ಬೆಳಕಿನ ಕಬಡ್ಡಿ’ ಎಂದು ಬ್ಯಾನರ್ ಕಟ್ಟಿ ತಿಂಗಳಾಗಿರುತ್ತದೆ. ಆ ಬ್ಯಾನರಿನ ಅಡಿಯಲ್ಲೇ ದಿನಾ ಬೈಕ್ ಓಡಿಸುವ ತಂಡದ ಯಜಮಾನರಿಗೆ ಜೆರ್ಸಿ ನೆನಪಾಗುವುದು ಮಾತ್ರ ಗುರುವಾರ ಸಂಜೆ. ಅಂಗಡಿಗೆ ಬಂದು ಕೇಳುತ್ತಾರೆ, “ಶನಿವಾರಕ್ಕೆ ಹದಿನೈದು ಬೇಕಿತ್ತಲ್ಲ ಮಾರಾಯ್ರೆ. ಬರೀ ಪ್ರಿಂಟ್ ಹೊಡೆಯುವುದಲ್ವಾ?”

ಬರೀ ಪ್ರಿಂಟಿನ ಕಥೆ ಕೇಳಿ. ಕಂಪ್ಯೂಟರಿನಲ್ಲಿ ಕೂರಿಸಿದ ಚಿತ್ರವನ್ನು ಉಲ್ಟಾ ಮಾಡಿ ಕಾಗದದ ಮೇಲೆ ಅಚ್ಚು ಹಾಕಬೇಕು. ಅದನ್ನು ಬಿಳಿ ಪಾಲಿಯೆಸ್ಟರ್ ಬಟ್ಟೆಯ ಮೇಲಿಟ್ಟು ಸುಮಾರು 200 ಡಿಗ್ರಿ ಬಿಸಿಯಲ್ಲಿ ಒತ್ತಿದರೆ ಶಾಯಿ ಆವಿಯಾಗಿ ನೂಲಿನೊಳಗೇ ಹೊಕ್ಕು ಕೂರುತ್ತದೆ. ಹತ್ತಿಗೆ ಇದು ಹಿಡಿಯುವುದಿಲ್ಲ. “ಸೆಕೆ ಅಲ್ವಾ, ಕಾಟನ್‌ನಲ್ಲೇ ಮಾಡಿ” ಎನ್ನುವವರಿಗೆ ಇಷ್ಟನ್ನು ಬಿಡಿಸಿ ಹೇಳುವಷ್ಟರಲ್ಲಿ ಎರಡು ಜೆರ್ಸಿ ಹೊಲಿದು ಮುಗಿಯುತ್ತದೆ. ಒತ್ತುವಾಗ ಕಾಗದ ಚೂರು ಜರುಗಿತೋ, 9ರ ಪಕ್ಕ ಇನ್ನೊಂದು ಮಸುಕು 9 ಮೂಡುತ್ತದೆ. ಯಂತ್ರ ಕಾದು ಹದಕ್ಕೆ ಬಂದಾಗಲೇ ಕರೆಂಟು ಹೋಗಬೇಕೆಂಬುದು ಯಾವ ಶಾಸ್ತ್ರದಲ್ಲಿದೆಯೋ!

ನಂಬ್ರದ ಜಗಳ ಬೇರೆ. ಸಚಿನ್ನರ 10ರಂತೆ ಧೋನಿಯ 7ನ್ನೂ ಬಿಸಿಸಿಐ ಬೇರೆಯವರಿಗೆ ಕೊಡುವುದಿಲ್ಲವೆಂದು 2023ರಲ್ಲಿ ಪತ್ರಿಕೆಗಳಲ್ಲಿ ಬಂತು. ಬಂಟ್ವಾಳಕ್ಕೆ ಆ ಸುತ್ತೋಲೆ ಇನ್ನೂ ತಲುಪಿಲ್ಲ. ಇಲ್ಲಿ ಅಂಡರ್‌ಆರ್ಮ್ ಕ್ರಿಕೆಟ್ ತಂಡ ಒಂದೇ, 18 ಕೇಳುವವರು ಮೂವರು. ಒಬ್ಬನಿಗೆ 18, ಇನ್ನೊಬ್ಬನಿಗೆ 81. ಮೂರನೆಯವನು ಸಿಟ್ಟಿನಲ್ಲಿ ತಂಡವನ್ನೇ ಬಿಡುತ್ತಾನೆ, ಅದೂ ಅವನ ಹೆಸರು ಪ್ರಿಂಟಾದ ಮೇಲೆ.

ಅಳತೆಯ ವಿಷಯ ಇನ್ನೂ ಸೂಕ್ಷ್ಮ. ವಾಟ್ಸ್ಆ್ಯಪ್ ಪಟ್ಟಿಯಲ್ಲಿ ಎಲ್ಲರೂ ‘ಎಮ್’. ಹಗ್ಗಜಗ್ಗಾಟದವರೂ ಎಮ್! ಪಳಗಿದ ಹೊಲಿಗೆಯವರು ಪಟ್ಟಿಯನ್ನು ನಂಬುವುದಿಲ್ಲ, ಡಿಪಿ ನೋಡಿ ಕತ್ತರಿ ಹಾಕುತ್ತಾರೆ.

ಮೂಡುಬಿದಿರೆಯ ಗಿರಾಕಿಗಳ ವರಸೆಯೇ ಬೇರೆ. ಸ್ವರಾಜ್ ಮೈದಾನದ ಸಿಂಥೆಟಿಕ್ ಟ್ರ್ಯಾಕಿನಲ್ಲಿ ಓಡುವ ಮಕ್ಕಳು ಬಟ್ಟೆಯ ತೂಕವನ್ನು ಗ್ರಾಮಿನಲ್ಲಿ ಕೇಳುವವರು. ಅದೇ ಊರಿನ ಕಡಲಕೆರೆಯಲ್ಲಿ ಕೋಟಿ-ಚೆನ್ನಯ ಜೋಡುಕರೆ ಕಂಬಳ ಬಂದರೆ ಓಡುವವನೇ ಬರಿಮೈ. ಟೀ-ಶರ್ಟ್ ಬೇಕಾದದ್ದು ಕೋಣಗಳ ಹಿಂದೆ ಬಂದ ಅಭಿಮಾನಿ ಬಳಗಕ್ಕೆ. ಅಶ್ವತ್ಥಪುರದ ಶ್ರೀನಿವಾಸ ಗೌಡರು 2020ರಲ್ಲಿ ಐಕಳ ಕಂಬಳದ ಕರೆಯಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು, ಜಗತ್ತೆಲ್ಲ ಉಸೇನ್ ಬೋಲ್ಟ್ ಹೆಸರೆತ್ತಿತು. ಮೈಮೇಲೆ ಒಂದು ಅಂಗಿಯಾದರೂ ಬೇಡವೇ? ಜೆರ್ಸಿ ವ್ಯಾಪಾರಕ್ಕೆ ಇಷ್ಟು ದೊಡ್ಡ ನಷ್ಟ ಇನ್ನೊಂದಾಗಿಲ್ಲ.

ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಹೊಲಿಗೆಯವರೂ ಉಸ್ಸಪ್ಪಾ ಎಂದು ಯಂತ್ರಕ್ಕೆ ಎಣ್ಣೆ ಬಿಡುವಷ್ಟರಲ್ಲಿ ಆಟಿ ತಿಂಗಳು ಬಂತು, ಬೆಳ್ತಂಗಡಿ ಕಡೆಯಿಂದ ಕೆಸರುಗದ್ದೆ ಕ್ರೀಡಾಕೂಟದ ಆರ್ಡರ್ ಬಂತು. ತಿಳಿನೀಲಿಯೋ ಗಿಳಿಹಸಿರೋ ಎಂದು ವಾರಗಟ್ಟಲೆ ಚರ್ಚೆ. ಗದ್ದೆಗಿಳಿದ ಐದೇ ನಿಮಿಷಕ್ಕೆ ಎರಡೂ ತಂಡ ಒಂದೇ ಬಣ್ಣ. ಬೆನ್ನ ಮೇಲಿನ ಪ್ರಾಯೋಜಕರ ಹೆಸರನ್ನು ಪ್ರಾಯೋಜಕರೇ ಓದಲಾರರು. ಆದರೂ ಆ ಹೆಸರು ಬೇಕೇ ಬೇಕು. ಅದು ಸಿಕ್ಕುವುದೂ ಬೆನ್ನಿನ ಪ್ರಿಂಟ್ ಮುಗಿದ ಮೇಲೆಯೇ.

ಇಷ್ಟನ್ನೆಲ್ಲ ಅಂಗಡಿಯವರು ನಿಭಾಯಿಸುವುದು ಹೇಗೆ? ಹೊಸ ಯಂತ್ರ ತಂದರೂ, ರಾತ್ರಿ ಪಾಳಿ ಹಾಕಿದರೂ ಆಗುವುದು ಅಷ್ಟಕ್ಕಷ್ಟೆ. ನನ್ನ ಪ್ರಕಾರ ಅವರನ್ನು ಉಳಿಸಿರುವುದು ಪರಸ್ಪರ ಒಪ್ಪಿತ ಸುಳ್ಳು. ಪಂದ್ಯಾಟ ಭಾನುವಾರವಿದ್ದರೂ ಗಿರಾಕಿ ಶನಿವಾರ ಅಂತ ಹೇಳುತ್ತಾನೆ. ಅಂಗಡಿಯವ “ಹೊಲಿಗೆಗೆ ಹೋಗಿದೆ” ಅಂದರೆ ಕಾಗದ ಇನ್ನೂ ಪ್ರಿಂಟರಿನೊಳಗೇ ಇದೆ. ಇಬ್ಬರಿಗೂ ಇದು ಗೊತ್ತಿರುವುದರಿಂದ ಜೆರ್ಸಿ ಸರಿಯಾದ ಹೊತ್ತಿಗೆ ಮೈದಾನಕ್ಕೆ ಬಂದು ಬೀಳುತ್ತದೆ. ಸುಳ್ಳು ನಡೆಯದ ಜಾಗ ಒಂದೇ, ಮುಂಗಡ. ಅರ್ಧ ದುಡ್ಡು ಕೈಗೆ ಬಾರದೆ ಯಂತ್ರ ಬಿಸಿಯಾಗುವುದಿಲ್ಲ ಎಂದವರು ಸೀಸನ್ನಿನಲ್ಲಿ ಬದುಕುತ್ತಾರೆ. “ಕಪ್ ಗೆದ್ದ ಮೇಲೆ ಕೊಡ್ತೇವೆ ಅಣ್ಣಾ” ಎಂಬ ಮಾತಿಗೆ ಕರಗಿದವರು ಸೋತ ತಂಡದ ಫೋನ್ ಸ್ವಿಚ್‌ಆಫ್ ಆಗುವುದನ್ನು ಕೇಳುತ್ತ ಕೂರುತ್ತಾರೆ.

ಆದ್ದರಿಂದ ಯಜಮಾನರೇ, ಮುಂದಿನ ಪಂದ್ಯಾಟಕ್ಕೆ ಹೆಸರು, ನಂಬ್ರ, ನಿಜವಾದ ಹೊಟ್ಟೆಯ ಅಳತೆ ಮೂರನ್ನೂ ಟೈಪ್ ಮಾಡಿ ಕಳುಹಿಸಿ. ವಾಯ್ಸ್ ಮೆಸೇಜ್ ಬೇಡ, ಹೊಲಿಗೆ ಯಂತ್ರದ ಸದ್ದಿನಲ್ಲಿ ಕೇಳುವುದಿಲ್ಲ.