ಹತ್ತು ನಿಮಿಷದ ದಾರಿ

ಶಿರಸಿ ಕಡೆ ಅಡಿಕೆ ತೋಟದ ಜೊತೆಗೆ ಸೊಪ್ಪಿನ ಬೆಟ್ಟ ಎಂಬುದೊಂದು ಇರುತ್ತದೆ. ತೋಟಕ್ಕೆ ಸೊಪ್ಪು, ದರಕು ತಂದುಕೊಳ್ಳಲಿ ಎಂದು ಎಕರೆ ತೋಟಕ್ಕೆ 9 ಎಕರೆಯವರೆಗೂ ಕಾಡು ಬಿಟ್ಟ ಬ್ರಿಟಿಷರ ಕಾಲದ ಏರ್ಪಾಡು. ದಸರಾ ರಜೆಗೆ ಅಜ್ಜನ ಮನೆಗೆ ಬಂದ ಬೆಂಗಳೂರಿನ ಮಕ್ಕಳಿಗೆ ಅದನ್ನು ತೋರಿಸುತ್ತೇನೆಂದು ಘೋಷಿಸಿದೆ. "ಹೋಗಿ ಬನ್ನಿ, ಹತ್ತು ನಿಮಿಷದ ದಾರಿ" ಎಂದರು ಮಾವ. ಅವರು ನಡೆದರೆ ಹತ್ತು ನಿಮಿಷ. ನಾಲ್ಕು ವರ್ಷದವನ ಜೊತೆ ನಡೆಯುವವರಿಗೆ ಗಡಿಯಾರ ಸಾಲದು, ಪಂಚಾಂಗ ಬೇಕು.

ನನ್ನ ಕೊರಳಲ್ಲಿ ದುರ್ಬೀನು. ಹೆಂಡತಿಯ ಚೀಲದಲ್ಲಿ ನೀರು, ಚಕ್ಕುಲಿ, ಬದಲಿ ಚಡ್ಡಿ. ಅತ್ತೆ ಹಳೇ ಬಟ್ಟೆಯಲ್ಲಿ ಉಪ್ಪಿನ ಗಂಟು ಕಟ್ಟಿಕೊಟ್ಟರು.

ದೊಡ್ಡವರ ಕಾಡು ತಲೆಯ ಮೇಲಿರುತ್ತದೆ, ಮಕ್ಕಳದ್ದು ಮೊಣಕಾಲಿಗಿಂತ ಕೆಳಗೆ. ತೋಟದಂಚಿನ ನಾಚಿಕೆ ಮುಳ್ಳನ್ನು ಕಂಡದ್ದೇ ಮಗ ಕುಕ್ಕರಗಾಲಲ್ಲಿ ಕೂತ. ಒಂದೊಂದೇ ಎಲೆ ಮುಟ್ಟಿ ಮುಚ್ಚಿಸಿದ. ಮುಚ್ಚಿದ್ದೆಲ್ಲ ಮತ್ತೆ ಬಿಚ್ಚುವ ತನಕ ಏಳುವುದಿಲ್ಲವೆಂದು ಹಟ ಹಿಡಿದ. ಹೊತ್ತು ಕಳೆಯಲು, "ಇದು ನಮ್ಮ ಕಡೆಯ ಗಿಡವೇ ಅಲ್ಲ, ಅಮೆರಿಕ ಖಂಡದ್ದು" ಎಂದೆ. "ಹಾಗಾದರೆ ನ್ಯೂಜೆರ್ಸಿ ಮಾಮ ಗೊತ್ತಿರ್ತಾನೆ" ಎಂದಳು ಮಗಳು.

ಬೆಟ್ಟ ಹೊಕ್ಕಾಗ ಮೊದಲು ಸ್ವಾಗತಿಸಿದ್ದು ಉಂಬಳ. ಮಗಳ ಕಾಲಿಗೆ ಹತ್ತಿದ್ದನ್ನು ಉಪ್ಪು ಮುಟ್ಟಿಸಿ ಬೀಳಿಸಿದೆವು. ಅದು ಬಿದ್ದರೂ ರಕ್ತ ನಿಲ್ಲಲಿಲ್ಲ. ಹೆಪ್ಪುಗಟ್ಟದಂತೆ ಮದ್ದು ಬಿಟ್ಟೇ ಅದು ಕಚ್ಚುವುದು ಎಂದು ವಿವರಿಸಿದೆ. ಅಳು ಶುರುವಾಗುವ ಮೊದಲೇ, ಅದಕ್ಕೆ ಐದು ಜೊತೆ ಕಣ್ಣಿದೆ ಎಂದೂ ಸೇರಿಸಿದೆ. ಅಳು ಅಲ್ಲೇ ನಿಂತಿತು. ಐದು ಚಷ್ಮಾ ಬೇಕಾಗುತ್ತದಲ್ಲ, ಮೂಗೆಲ್ಲಿ, ಕಿವಿಯೆಲ್ಲಿ ಎಂಬ ಚರ್ಚೆ ನಡೆದಾಗ ಮಗ ತನಗೂ ಒಂದು ಉಂಬಳ ಬೇಕೆಂದು ಕಾಲು ಚಾಚಿ ಕೂತ. ಕೇಳಿದ್ದನ್ನೆಲ್ಲ ಕಾಡು ಕೊಡುತ್ತದೆ, ಎರಡು ಕೊಟ್ಟಿತು.

ಅಷ್ಟರಲ್ಲಿ ಮೇಲೆಲ್ಲೋ ಮಂಗಟ್ಟೆ ಕೂಗಿತು, ನಮ್ಮನ್ನು ನೋಡಿ ಗಹಗಹಿಸಿದ ಹಾಗೆ. ದುರ್ಬೀನು ಎತ್ತಿದೆ. ಕಂಡದ್ದು ಎಲೆ ಮಾತ್ರ. ಹಕ್ಕಿ ಸಿಗದಿದ್ದರೆ ಹಕ್ಕಿಯ ಕಥೆಯಾದರೂ ಹೇಳಬೇಕಲ್ಲ! ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಕೂತು, ತನ್ನ ಹಿಕ್ಕೆಯಿಂದಲೇ ಬಾಗಿಲು ಮೆತ್ತಿ, ಸಣ್ಣದೊಂದು ಸೀಳು ಉಳಿಸಿಕೊಳ್ಳುತ್ತದೆ. ಗಂಡು ವಾರಗಟ್ಟಲೆ ಹಣ್ಣು ತಂದು ಆ ಸೀಳಿನಿಂದ ಉಣಿಸುತ್ತದೆ. ಮಕ್ಕಳಿಗೆ ಹಿಕ್ಕೆಯ ಭಾಗ ಮೂರು ಸಲ ಹೇಳಬೇಕಾಯಿತು. ಹೆಂಡತಿಗೆ ಹಿಡಿಸಿದ್ದು ಕೊನೆಯ ಭಾಗ. "ವಾರಗಟ್ಟಲೆ?" ಎಂದು ಒತ್ತಿ ಕೇಳಿದಳು.

ಚಕ್ಕುಲಿ ಮುಗಿದಲ್ಲಿಗೆ ಯಾತ್ರೆಯೂ ಮುಗಿಯಿತು. 9 ಎಕರೆಯಲ್ಲಿ ನಮಗೆ ದಕ್ಕಿದ್ದು ಗುಂಟೆ ಲೆಕ್ಕದಲ್ಲಿ. ಮಗ ಹೆಗಲೇರಿದ, ಬದಲಿ ಚಡ್ಡಿಯ ದೂರದೃಷ್ಟಿಯನ್ನು ಇಲ್ಲಿ ಮೆಚ್ಚಲೇಬೇಕು.

ಸಂಜೆ ಬಚ್ಚಲ ಬಾಗಿಲು ಒಳಗಿಂದ ಚಿಲಕ ಹಾಕಿತ್ತು. ಮೊಟ್ಟೆ ಇಟ್ಟಾಗಿದೆ, ಯಾರೂ ಬರಕೂಡದು ಎಂದು ಕಿಟಕಿಯಿಂದ ಮಗಳ ಆಜ್ಞೆ. ಪಕ್ಕದಲ್ಲಿ ಮರಿ ಮಂಗಟ್ಟೆ ಬಾಯಿ ತೆರೆದು ನಿಂತಿತ್ತು. ಸರಳಿನ ಸಂದಿಯಲ್ಲಿ ನಾನು ಬಾಳೆಹಣ್ಣಿನ ಹೋಳು ತೂರಿಸುತ್ತಿದ್ದೆ. ಮಾವ ಹೆಗಲಿಗೆ ಟವೆಲು ಹಾಕಿಕೊಂಡು ಸ್ನಾನಕ್ಕೆ ಕಾಯುತ್ತಿದ್ದರು. ಜಗಲಿಯಲ್ಲಿ ಕಾಲು ಚಾಚಿ ಕೂತ ಹೆಂಡತಿ ಅಲ್ಲಿಂದಲೇ ಕೂಗಿದಳು: "ಈ ಪೊಟರೆಗೂ ಒಂದು ಲೋಟ ಚಹಾ ಬರಲಿ!"